ಶನಿವಾರ ಮಗನ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗು, ಹೋಗಿ ಏನು ಕೇಳಬೇಕು?

ಆಲೂರಿನ ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಈ ವರ್ಷ ಆರನೇ ಕ್ಲಾಸು. ಐದರವರೆಗೆ ನಮ್ಮೂರ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಜೂನಿಂದ ಹಾಸನದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದೀವಿ, ವ್ಯಾನಲ್ಲಿ ಹೋಗಿ ಬರ್ತಾನೆ. ಸ್ಟೇಟ್ ಸಿಲಬಸ್ಸೇ. ಎಸ್‌ಎ-1 (ಅರ್ಧ ವರ್ಷದ ಪರೀಕ್ಷೆ) ಆಯ್ತು, ದಸರಾ ರಜೆನೂ ಮುಗೀತು. ಶನಿವಾರ ಮೀಟಿಂಗ್ ಅಂತ ಡೈರೀಲಿ ಬರೆದು ಕಳಿಸಿದ್ದಾರೆ. ನಮ್ಮನೆಯವರು ಜೋಳ ಮುರಿಸೋದ್ರಲ್ಲಿ ಇದ್ದಾರೆ, ನಾನೇ ಹೋಗಬೇಕು.

ಹಳೇ ಶಾಲೇಲಿ ಮೇಷ್ಟ್ರು ಹಾಲಿನ ಡೈರಿ ಹತ್ರ ಸಿಕ್ಕಿದ್ರೂ ನಿಲ್ಲಿಸಿ "ನಿಮ್ಮ ಹುಡುಗ ಮಗ್ಗಿ ಮರೆತಿದ್ದಾನೆ ಕಣಮ್ಮ" ಅಂತಿದ್ರು. ಇಲ್ಲಿ ಟೋಕನ್ ಕೊಟ್ಟು ಸಾಲಾಗಿ ಕೂರಿಸ್ತಾರಂತೆ, ಒಬ್ಬೊಬ್ಬರಿಗೆ ಐದು ನಿಮಿಷ ಸಿಕ್ಕಿದ್ರೆ ಹೆಚ್ಚು. ಗಣಿತ, ವಿಜ್ಞಾನ ಎರಡರಲ್ಲೂ ಮಾರ್ಕ್ಸ್ ತೀರಾ ಬಿದ್ದುಹೋಗಿದೆ. ಊರಲ್ಲಿ ಕ್ಲಾಸಿಗೇ ಮುಂದೆ ಇದ್ದ ಹುಡುಗ. ಯಾಕೋ ಅಂದ್ರೆ ಬಾಯಿ ಬಿಡಲ್ಲ. ನನಗೆ ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ, ಮಾತಾಡಕ್ಕೆ ಬರಲ್ಲ, ಅದೊಂದು ಅಳುಕು ಬೇರೆ. ಹೋಗಿ ಬಂದವರು ಸ್ವಲ್ಪ ಹೇಳಿ.

ಸಾಲಗಾಮೆ ರೋಡು

ಹೇಳೋದೇನಿದೆ ಮೇಡಂ. ನನ್ನ ಇಬ್ಬರು ಮಕ್ಕಳದ್ದೂ ವರ್ಷಾ ವರ್ಷಾ ಅಟೆಂಡ್ ಆಗ್ತೀನಿ. "ಮನೇಲಿ ಕೂರಿಸಿ ಓದಿಸಿ, ಮೊಬೈಲ್ ಕೊಡಬೇಡಿ, ಎರಡನೇ ಕಂತು ಫೀಸ್ ಬಾಕಿ ಇದೆ." ಮುಗೀತು. ಓದಿಸೋದು ನಾವೇ ಆದ್ರೆ ಶಾಲೆ ಯಾಕೆ? ಸಹಿ ಹಾಕಿ ಬನ್ನಿ, ತಲೆ ಕೆಡಿಸ್ಕೋಬೇಡಿ.

ಗಣಿತದ ಮಿಸ್ಸು

ಸಾಲಗಾಮೆ ರೋಡು ಸರ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದಕ್ಕೇ ಮೇಜಿನ ಈ ಕಡೆಯಿಂದ ಹೇಳ್ತೀನಿ. ನಾನು ಹಾಸನದಲ್ಲೇ ಹೈಸ್ಕೂಲು ಮತ್ತು ಮಿಡ್ಲ್ ಸ್ಕೂಲಿಗೆ ಗಣಿತ ಹೇಳಿಕೊಡೋಳು. ಬೆಳಿಗ್ಗೆಯಿಂದ ಒಬ್ಬರಾದ ಮೇಲೆ ಒಬ್ಬರು ಪೋಷಕರು ಕೂತು "ಹೆಂಗೆ ಓದ್ತಾನೆ ಮೇಡಂ?" ಅಂತಾರೆ. ಆ ಪ್ರಶ್ನೆಗೆ ನನ್ನ ಬಾಯಲ್ಲಿ ಬರೋದೂ ಒಂದೇ ಉತ್ತರ: "ಪರವಾಗಿಲ್ಲ, ಇನ್ನೂ ಸ್ವಲ್ಪ ಇಂಪ್ರೂವ್ ಆಗಬೇಕು." ಇಬ್ಬರಿಗೂ ಏನೂ ಸಿಗಲ್ಲ. ಅದೇ ಒಬ್ಬ ತಾಯಿ ಬಂದು "ಭಿನ್ನರಾಶಿ ಕೂಡೋದು ಮನೇಲಿ ಸರಿಯಾಗಿ ಮಾಡ್ತಾನೆ, ಪರೀಕ್ಷೇಲಿ ಖಾಲಿ ಬಿಟ್ಟಿದ್ದಾನೆ, ಯಾಕಿರಬಹುದು?" ಅಂದ್ರೆ ನಾನು ತಕ್ಷಣ ಆ ಹುಡುಗನ ಮುಖ ನೆನಪಿಸಿಕೊಂಡು ಯೋಚನೆ ಮಾಡಲೇಬೇಕು.

ಹಾಗಾಗಿ ಸೊಸೆ ಅವರೇ, ಅರ್ಧ ಕೆಲಸ ಶನಿವಾರಕ್ಕಿಂತ ಮುಂಚೆ ಮನೇಲಿ ಆಗಬೇಕು. ನಿಮ್ಮ ಮಗನ ವಿಷಯದಲ್ಲಿ ನನಗೆ ಮೊದಲು ಹೊಳೆಯೋದು ಮೀಡಿಯಂ. ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಆರನೇ ಕ್ಲಾಸಿನ ಕನ್ನಡ ಮಾಧ್ಯಮದ ಗಣಿತ, ವಿಜ್ಞಾನ ಪುಸ್ತಕ ಪಿಡಿಎಫ್ ಇರುತ್ತೆ, ಪುಕ್ಕಟೆ. ಸ್ಟೇಟ್ ಸಿಲಬಸ್ ಆದ್ದರಿಂದ ಪಾಠ ಅವೇ, ಚಿತ್ರ ಅವೇ, ಅಭ್ಯಾಸದ ಲೆಕ್ಕಗಳೂ ಅವೇ. ಅವನು ಇಂಗ್ಲಿಷಲ್ಲಿ ತಪ್ಪು ಮಾಡಿದ ಒಂದು ವಾಕ್ಯದ ಲೆಕ್ಕವನ್ನ ಕನ್ನಡ ಪುಸ್ತಕದಲ್ಲಿ ಹುಡುಕಿ ಕೊಡಿ. ಪಕ್ಕದಲ್ಲಿ ಕೂತು ನೋಡಬೇಡಿ, ಒಳಗೆ ಹೋಗಿ ನಿಮ್ಮ ಕೆಲಸ ಮಾಡ್ತಿರಿ. ಮಾಡಿದ ಅಂದ್ರೆ ಅವನಿಗೆ ಗಣಿತ ಬರುತ್ತೆ, ಪ್ರಶ್ನೆ ಅರ್ಥ ಆಗ್ತಿಲ್ಲ. ಮಾಡಲಿಲ್ಲ ಅಂದ್ರೆ ಪಾಠವೇ ಹಿಡಿದಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಈ ಒಂದು ವಿಷಯ ತಿಳ್ಕೊಂಡು ಬಂದ ಪೋಷಕರು ನನಗೆ ತುಂಬ ಅಪರೂಪ.

ಆಮೇಲೆ ನೋಟ್‌ಬುಕ್ ತೆಗೀರಿ. ಬೋರ್ಡಿಂದ ಇಳಿಸಿಕೊಂಡಿದ್ದರಲ್ಲೇ ತಪ್ಪಿದೆಯಾ ನೋಡಿ. 8 ಇದ್ದದ್ದು 3 ಆಗಿರೋದು, ಸಾಲು ಅರ್ಧಕ್ಕೆ ನಿಂತಿರೋದು ಹೆಚ್ಚಿದ್ರೆ ಹುಡುಗನಿಗೆ ಬೋರ್ಡ್ ಕಾಣ್ತಿಲ್ಲ ಅಂತಲೂ ಇರಬಹುದು, ಎಲ್ಲಿ ಕೂರ್ತಾನೆ ಕೇಳಿ. ಟೀಚರ್ ತಿದ್ದಿದ ಕೆಂಪು ಇಂಕು ಯಾವ ತಿಂಗಳಿಗೆ ನಿಂತಿದೆ ಅನ್ನೋದನ್ನೂ ನೋಡಿ. (ನಮ್ಮವರು ಬೈದುಕೊಂಡ್ರೂ ಪರವಾಗಿಲ್ಲ, ಹೇಳಿಬಿಟ್ಟೆ.)

ಮೀಟಿಂಗಲ್ಲಿ ಮಾರ್ಕ್ಸ್ ಕಾರ್ಡ್ ನೋಡಿ ಸಹಿ ಹಾಕಿ ಎದ್ದು ಬರಬೇಡಿ. ಎಸ್‌ಎ-1 ಉತ್ತರಪತ್ರಿಕೆ ತೋರಿಸಿ ಅಂತ ಕೇಳಿ. ಖಾಲಿ ಬಿಟ್ಟ ಪ್ರಶ್ನೆ, ತಪ್ಪು ಬರೆದ ಪ್ರಶ್ನೆ, ಅರ್ಧ ಮಾಡಿ ಬಿಟ್ಟ ಪ್ರಶ್ನೆ, ಮೂರೂ ಒಂದೇ ಅಲ್ಲ.

ಸಾಲಗಾಮೆ ರೋಡು

ಮಿಸ್ಸೇ, ನಿಮ್ಮಂಥವರು ನಮ್ಮ ಶಾಲೇಲಿ ಇದ್ದಿದ್ರೆ ನಾನೂ ಹಿಂಗೆ ಬರೀತಿರ್ಲಿಲ್ಲ. ಉತ್ತರಪತ್ರಿಕೆ ಕೇಳಿದ್ರೆ "ಆಫೀಸಲ್ಲಿದೆ ಸರ್" ಅಂತಾರೆ.

ಗಣಿತದ ಮಿಸ್ಸು

ಹಿಂದಿನ ದಿನವೇ ಡೈರೀಲಿ ಒಂದು ಸಾಲು ಬರೆದು ಕಳಿಸಿ ಸರ್, "ಉತ್ತರಪತ್ರಿಕೆ ನೋಡಬೇಕಿತ್ತು, ದಯವಿಟ್ಟು ತೆಗೆದಿಡಿ" ಅಂತ. ಆಫೀಸಿಂದ ತರಿಸಕ್ಕೆ ನಮಗೂ ಒಂದು ನೆಪ ಸಿಗುತ್ತೆ.

ನಿವೃತ್ತ ಮೇಷ್ಟ್ರು, ಬೇಲೂರು

ತಾಯಿ, ಅಳುಕು ಬೇಡ. ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಪ್ರಗತಿ ಇವನ್ನು ಪೋಷಕರನ್ನು ನಿಯಮಿತವಾಗಿ ಕರೆಸಿ ತಿಳಿಸುವುದು ಶಿಕ್ಷಕನ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲೇ ಬರೆದಿದೆ. ಅಂದರೆ ನೀವು ಅಲ್ಲಿ ದಾಕ್ಷಿಣ್ಯ ಬೇಡಲು ಹೋಗುತ್ತಿಲ್ಲ. ಹಾಗಂತ ಸೆಕ್ಷನ್ನು ಹಿಡಿದು ಜಗಳಕ್ಕೆ ನಿಲ್ಲಬೇಡಿ. ಮನಸ್ಸಲ್ಲಿ ಇಟ್ಟುಕೊಂಡರೆ ಬೆನ್ನು ನೆಟ್ಟಗಾಗುತ್ತದೆ, ಅಷ್ಟು ಸಾಕು.

ಇಂಗ್ಲಿಷಿನ ವಿಷಯ. ಹಾಸನದಲ್ಲಿ ಕನ್ನಡ ಬಾರದ ಶಿಕ್ಷಕರು ಎಷ್ಟು ಮಂದಿ ಸಿಕ್ಕಾರು? ಧೈರ್ಯವಾಗಿ ಕನ್ನಡದಲ್ಲಿ ಕೇಳಿ.

ಇನ್ನೊಂದು, ಗ್ರೇಡು ನೋಡಿ ಸಮಾಧಾನಪಡಬೇಡಿ, ಗಾಬರಿಯನ್ನೂ ಬೀಳಬೇಡಿ. ನಮ್ಮ ಸಿಸಿಇ (ವರ್ಷವಿಡೀ ನಡೆಯುವ ಮೌಲ್ಯಮಾಪನ) ಪದ್ಧತಿಯಲ್ಲಿ 70ರಿಂದ 89ರವರೆಗೆ ಎಲ್ಲವೂ ಎ. ಎಪ್ಪತ್ತೊಂದು ತೆಗೆದವನಿಗೂ ಎಂಬತ್ತೆಂಟು ತೆಗೆದವನಿಗೂ ಒಂದೇ ಅಕ್ಷರ. ಎಫ್‌ಎ-1, ಎಫ್‌ಎ-2 ಎಂಬ ಎರಡು ಕಿರುಪರೀಕ್ಷೆ, ಎಸ್‌ಎ-1 ಮೂರರ ಅಂಕಗಳನ್ನೂ ಪಕ್ಕಪಕ್ಕ ಇಟ್ಟು, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಹೊಸ ಶಾಲೆಗೆ ಬಂದ ಹುಡುಗನಿಗೆ ಎಫ್‌ಎ-1ರಲ್ಲಿ ಕಡಿಮೆ ಬಂದು ಆಮೇಲೆ ನಿಧಾನವಾಗಿ ಏರುತ್ತಿದ್ದರೆ ಟ್ಯೂಷನ್ನು ಗೀಷನ್ನು ಏನೂ ಬೇಡ, ಸುಮ್ಮನೆ ಬಿಡಿ.

ಕಳಸದ ಮಳೆ

ನಾನೊಂದು ಮಾತು ಹಾಕ್ತೇನೆ ಮಾರಾಯ್ರೆ. ನಮ್ಮ ಕಡೆ ಜುಲೈ ಆಗಸ್ಟಲ್ಲಿ ಮಳೆ ರಜೆ ಎಷ್ಟು ಅಂತ ಎಲ್ಲರಿಗೂ ಗೊತ್ತುಂಟು. ಹಳ್ಳ ತುಂಬಿದ್ರೆ ಡಿಸಿ ರಜೆ ಕೊಡದಿದ್ರೂ ಮಕ್ಕಳು ಹೋಗುವ ಹಾಗಿಲ್ಲ. ಆ ದಿನಗಳಲ್ಲಿ ಆಗಬೇಕಿದ್ದ ಪಾಠವನ್ನ ಶನಿವಾರ ಭಾನುವಾರ ಓಡಿಸಿಬಿಡ್ತಾರೆ. ನಾನು ಮೀಟಿಂಗಿಗೆ ಹೋಗುವ ಮುಂಚೆ ಮಗಳ ಹತ್ರ ಯಾವ ಪಾಠಕ್ಕೆ ನೋಟ್ಸ್ ಇಲ್ಲ ಅಂತ ಕೇಳಿ ಚೀಟಿ ಮಾಡ್ಕೊಂಡು ಹೋದೆ. ಟೀಚರ್ರಿಗೆ ಕೊಟ್ಟೆ. ಅವರಿಗೂ ಖುಷಿ, ಯಾಕಂದ್ರೆ ಅದೇ ಊರಿನ ಬೇರೆ ಮಕ್ಕಳಿಗೂ ಅದೇ ಪಾಠ ಹೋಗಿತ್ತು. ಒಂದು ದಿನ ಸಂಜೆ ಎಲ್ಲರನ್ನೂ ಕೂರಿಸಿ ಹೇಳಿಕೊಟ್ರು. ಚೀಟಿ ಒಳ್ಳೇದು, ಬಾಯಿಗೆ ಬಂದದ್ದು ಅಲ್ಲಿ ಹೋದ ಕೂಡಲೇ ಮರೆತುಹೋಗ್ತದೆ.

ಗೊರೂರು ಹಿನ್ನೀರು

ಮಗನ್ನ ಕರ್ಕೊಂಡು ಹೋಗ್ಬೇಕೋ ಬೇಡ್ವೋ? ಅದನ್ನ ಯಾರೂ ಹೇಳ್ಲಿಲ್ಲ.

ಸಾಲಗಾಮೆ ರೋಡು

ಕರ್ಕೊಂಡು ಹೋಗಿ. ಅವನ ಎದುರೇ ಆಗಲಿ. ಇಲ್ಲಾಂದ್ರೆ ಮನೇಲಿ ಒಂದು, ಶಾಲೇಲಿ ಒಂದು ಕಥೆ ಹೇಳ್ತಾನೆ.

ಗಣಿತದ ಮಿಸ್ಸು

ನಾನು ಒಪ್ಪಲ್ಲ, ಅದರಲ್ಲೂ ಆರನೇ ಕ್ಲಾಸಿನ ಮಗು. ಮೇಜಿನ ಮುಂದೆ ನಿಲ್ಲಿಸಿ ಅಪ್ಪ ಅಮ್ಮ ಬೈಯೋದು, ನಾವು ತಲೆ ಆಡಿಸೋದು, ಹಿಂದೆ ಸಾಲಲ್ಲಿ ಅವನ ಗೆಳೆಯನ ಅಮ್ಮ ಕೇಳಿಸಿಕೊಳ್ಳೋದು. ಮಾರನೇ ದಿನ ಆ ಹುಡುಗ ನನ್ನ ಕ್ಲಾಸಲ್ಲಿ ತಲೆ ಎತ್ತಲ್ಲ. ಎಷ್ಟೋ ಪೋಷಕರು "ನಾಲ್ಕು ಬಾರಿಸಿ ಮಿಸ್, ನಾವೇನೂ ಕೇಳಲ್ಲ" ಅಂತಲೂ ಅಂದುಬಿಡ್ತಾರೆ! ದಯವಿಟ್ಟು ಹಾಗೆ ಹೇಳಬೇಡಿ.

ಗೊರೂರು ಹಿನ್ನೀರು

ನಮ್ಮ ಮಗಳು ಒಂಬತ್ತನೇ ಕ್ಲಾಸು. ಅವಳನ್ನ ಬಿಟ್ಟು ಹೋದ್ರೆ "ನನ್ನ ಬಗ್ಗೆ ನನ್ನ ಬಿಟ್ಟು ಏನು ಮಾತಾಡ್ತೀರಿ" ಅಂತ ಮುಖ ಊದಿಸ್ತಾಳೆ. ದೊಡ್ಡ ಮಕ್ಕಳಿದ್ರೆ ಕರ್ಕೊಂಡು ಹೋಗೋದೇ ಸರಿ ಅನ್ಸುತ್ತೆ ನನಗೆ. ಮೊದಲೇ ಅವಳನ್ನ ಕೇಳಿಟ್ಟುಕೊಳ್ತೀನಿ, ಯಾವುದನ್ನ ಹೇಳಬೇಕು, ಯಾವುದನ್ನ ಹೇಳಬಾರದು ಅಂತ. ಕಳೆದ ಸಲ "ಸಮಾಜ ಸರ್ ತುಂಬ ಸ್ಪೀಡು, ಆದ್ರೆ ನಾನು ಹೇಳಿದೆ ಅನ್ನಬೇಡ" ಅಂದಿದ್ಲು. "ಸರ್, ನೋಟ್ಸ್ ಬರೆಯೋಕೆ ಸ್ವಲ್ಪ ಟೈಮ್ ಸಿಕ್ಕಿದ್ರೆ ಚೆನ್ನಾಗಿತ್ತು" ಅಂತ ನಾನೇ ತಿರುಗಿಸಿ ಹೇಳಿದೆ.

ಅರಸೀಕೆರೆ ಅಜ್ಜಿ ಮನೆ

ನಾವು ಬೆಂಗಳೂರಲ್ಲಿ, ಮಗು ಅರಸೀಕೆರೆಯಲ್ಲಿ ಅಜ್ಜಿ ಹತ್ರ, ಮೂರನೇ ಕ್ಲಾಸು, ಸರ್ಕಾರಿ ಶಾಲೆ. ಮೀಟಿಂಗಿಗೆ ಅಮ್ಮನೇ ಹೋಗೋದು. ಅವರಿಗೆ ಓದು ಬರಲ್ಲ, "ಚೆನ್ನಾಗಿ ಓದ್ತಾಳಂತೆ ಕಣೋ" ಅನ್ನೋದು ಬಿಟ್ಟು ಬೇರೇನೂ ನಮಗೆ ತಲುಪಲ್ಲ. ಏನು ಮಾಡೋದು?

ನಿವೃತ್ತ ಮೇಷ್ಟ್ರು, ಬೇಲೂರು

ಮೂರನೇ ತರಗತಿ ಅಂದರೆ ನಲಿಕಲಿ, ಚಿಕ್ಕ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವ ಪದ್ಧತಿ. ಅಲ್ಲಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದಕ್ಕೆ ಲೆಕ್ಕ ಇಟ್ಟಿರುತ್ತಾರೆ. ನಿಮ್ಮ ತಾಯಿಯವರಿಗೆ ಒಂದೇ ಮಾತು ಹೇಳಿಕೊಡಿ: "ನನ್ನ ಮೊಮ್ಮಗಳ ಪ್ರಗತಿ ನೋಟ (ಆ ಲೆಕ್ಕದ ಹಾಳೆ) ತೋರಿಸಿ, ಫೋಟೋ ತೆಗೆದು ಮಗನಿಗೆ ಕಳಿಸಿ." ಟೀಚರಮ್ಮನೇ ಅವರ ಫೋನಿನಲ್ಲಿ ತೆಗೆದುಕೊಡುತ್ತಾರೆ. ಜೊತೆಗೆ ನೀವು ಆ ಹೊತ್ತಿಗೆ ಫೋನ್ ಮಾಡಿ ಎರಡು ಮಾತಾಡಬಹುದು. ಆದರೆ ಅಜ್ಜಿಯನ್ನು ಬರೀ ಕಾಗದ ಒಯ್ಯುವವರಂತೆ ನೋಡಬೇಡಿ. ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ಊಟ ಬಿಡುತ್ತದಾ, ಶಾಲೆಗೆ ಹೊರಡುವಾಗ ಅಳುತ್ತದಾ, ಇದು ಅವರಿಗಷ್ಟೇ ಗೊತ್ತು. ನಾನು ಇದ್ದಾಗ ಅಜ್ಜಿಯರು ಹೇಳಿದ್ದರಿಂದಲೇ ಎಷ್ಟೋ ಮಕ್ಕಳು ನನಗೆ ಅರ್ಥವಾದದ್ದು.

ಸರ್ಕಾರಿ ಶಾಲೆಯಾದ್ದರಿಂದ ಎಸ್‌ಎ ಆದಮೇಲೆ 'ಸಮುದಾಯದತ್ತ ಶಾಲೆ' ಎಂದು ಪೋಷಕರನ್ನು ಕರೆಯುತ್ತಾರೆ. ಸಾಧ್ಯವಾದರೆ ಆ ದಿನಕ್ಕೆ ನೀವೇ ಊರಿಗೆ ಬನ್ನಿ.

ಹತ್ತನೇ ಕ್ಲಾಸಿನ ಅಪ್ಪ

ನನ್ನದು ಚಿಕ್ಕಮಗಳೂರು, ಮಗ ಎಸ್ಸೆಸ್ಸೆಲ್ಸಿ. ಮೀಟಿಂಗಲ್ಲಿ ಎಲ್ಲ ಅಪ್ಪಂದಿರೂ "625ಕ್ಕೆ ಎಷ್ಟು ಬರಬಹುದು ಸರ್" ಅಂತ ಜಾತಕ ಕೇಳೋ ಹಾಗೆ ಕೇಳ್ತಿದ್ರು, ನಾನೂ ಅಲ್ಲೇ ನಿಂತಿದ್ದೆ. ಏನು ಕೇಳಬೇಕಿತ್ತು?

ಗಣಿತದ ಮಿಸ್ಸು

ಇಂಟರ್ನಲ್ಸ್ (ಶಾಲೆಯಲ್ಲೇ ಕೊಡೋ ಆಂತರಿಕ ಅಂಕ) ಕೇಳಿ ಸರ್. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ 20, 20. ಈ ಅಂಕ ವರ್ಷವಿಡೀ ಕೊಡೋ ಪ್ರಾಜೆಕ್ಟು, ಚಟುವಟಿಕೆ, ಕಿರುಪರೀಕ್ಷೆಯಿಂದ ಬರೋದು. ಯಾವ ವಿಷಯದ್ದು ಅವನು ಕೊಟ್ಟಿಲ್ಲ ಅನ್ನೋದು ಈಗ ಗೊತ್ತಾದ್ರೆ ಸರಿ ಮಾಡಬಹುದು, ಫೆಬ್ರವರೀಲಿ ಗೊತ್ತಾದ್ರೆ ಆಗಲ್ಲ. ಪರೀಕ್ಷೆ-1, ಪರೀಕ್ಷೆ-2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ ಬಂದಮೇಲೆ ಹುಡುಗರು "ಎರಡರಲ್ಲಿ ನೋಡ್ಕೊಂಡ್ರಾಯ್ತು" ಅನ್ನೋಕೂ ಶುರು ಮಾಡಿದ್ದಾರೆ, ಅದನ್ನ ಮನೇಲಿ ಕಿವಿಗೊಟ್ಟು ಕೇಳಿ.

ಹತ್ತನೇ ಕ್ಲಾಸಿನ ಅಪ್ಪ

ಅಯ್ಯೋ, ಆ ಡೈಲಾಗ್ ನಮ್ಮನೇಲಿ ಆಗಲೇ ಬಂದಿದೆ.

ಹಾನುಬಾಳು ಹಾದಿ

ಇದು ಸ್ವಲ್ಪ ಬೇರೆ ವಿಷಯ, ಆದ್ರೂ ಕೇಳ್ತೀನಿ. ನನ್ನ ಮಗಳಿಗೆ ಒಬ್ಬರು ಟೀಚರ್ ಸ್ಕೇಲಲ್ಲಿ ಹೊಡೀತಾರೆ, ಕೈ ಊದಿಕೊಂಡು ಬಂದಿತ್ತು. ಮೀಟಿಂಗಲ್ಲಿ ಎಲ್ಲರ ಮುಂದೆ ಕೇಳಿಬಿಡಲಾ?

ನಿವೃತ್ತ ಮೇಷ್ಟ್ರು, ಬೇಲೂರು

ಸಾಲಲ್ಲಿ ನಿಂತು ಕೇಳುವ ವಿಷಯವಲ್ಲಮ್ಮ ಅದು. ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ನೇರ ಹೆಡ್‌ಮಾಸ್ಟರ ಕೊಠಡಿಗೆ ಹೋಗಿ, ಬರೆದು ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕೈಯ ಫೋಟೋ ಇದ್ದರೆ ಜೋಪಾನ. ಅಲ್ಲಿ ಕೇಳದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಶನಿವಾರದವರೆಗೆ ಕಾಯಬೇಡಿ.

ಆಲೂರಿನ ಸೊಸೆ

ಹೋಗಿ ಬಂದೆ. ಹೇಳಿದವರಿಗೆಲ್ಲ ಮೊದಲು ಥ್ಯಾಂಕ್ಸ್.

ಮಿಸ್ ಹೇಳಿದ ಹಾಗೆ ಗುರುವಾರ ರಾತ್ರಿ ಕನ್ನಡ ಪುಸ್ತಕದ ಲೆಕ್ಕ ಕೊಟ್ಟು ನಾನು ರೊಟ್ಟಿ ತಟ್ಟಕ್ಕೆ ಹೋದೆ. ಬರೋ ಅಷ್ಟರಲ್ಲಿ ಮಾಡಿಟ್ಟಿದ್ದ, ಇನ್ನೊಂದು ಕೊಡು ಅಂದ. ಆ ಎರಡು ಹಾಳೇನೂ ಮಡಚಿ ಬ್ಯಾಗಲ್ಲಿ ಇಟ್ಕೊಂಡು ಹೋದೆ. ಗಣಿತದ ಟೀಚರ್ರಿಗೆ ತೋರಿಸಿದ್ರೆ ಅವರು ಮೊದಲು ಕೇಳಿದ್ದೇ "ಐದರವರೆಗೆ ಕನ್ನಡ ಮೀಡಿಯಮ್ಮಾ?" ಅಂತ. ಅವರಿಗೆ ಗೊತ್ತೇ ಇರ್ಲಿಲ್ಲ! ಟಿಸಿ ಆಫೀಸಲ್ಲಿ ಇರುತ್ತೆ, ಕ್ಲಾಸಿಗೆ ಯಾರೂ ಹೇಳಿಲ್ಲ. ಉತ್ತರಪತ್ರಿಕೆಯಲ್ಲಿ ಬರೀ ಅಂಕಿ ಇರೋ ಲೆಕ್ಕಕ್ಕೆಲ್ಲ ಮಾರ್ಕ್ಸ್ ಇದೆ, ವಾಕ್ಯ ಇರೋದೆಲ್ಲ ಖಾಲಿ. ಪರೀಕ್ಷೆ ಹೊತ್ತಲ್ಲಿ ಅರ್ಥ ಆಗದಿದ್ರೆ ಕೈ ಎತ್ತಿ ಕೇಳಲಿ, ಪ್ರಶ್ನೆ ಏನು ಅಂತ ಕನ್ನಡದಲ್ಲಿ ಹೇಳ್ತೀನಿ ಅಂದ್ರು. ಕನ್ನಡ ಮೀಡಿಯಂನಿಂದ ಬಂದ ಇನ್ನೊಬ್ಬ ಹುಡುಗ ಇದ್ದಾನಂತೆ, ಇಬ್ಬರನ್ನೂ ಜೊತೇಲಿ ಕೂರಿಸ್ತೀನಿ ಅಂದ್ರು.

ವಿಜ್ಞಾನದ ಟೀಚರ್ ರಜೆ. ಅವರ ಹತ್ರ ಮಾತಾಡಕ್ಕೆ ಆಗ್ಲಿಲ್ಲ. ಕ್ಲಾಸ್ ಟೀಚರ್ ಮಾತ್ರ ವ್ಯಾನ್ ಲೇಟಾಗಿ ಬರುತ್ತೆ ಅಂತ ನನಗೇ ಎರಡು ಮಾತು ಅಂದ್ರು, ವ್ಯಾನ್ ನಾನು ಓಡಿಸ್ತೀನಾ? ಬಂದ ಕೋಪ ನುಂಗಿಕೊಂಡೆ.

ಗಣಿತದ ಮಿಸ್ಸು

ಓದಿ ತುಂಬ ಖುಷಿ ಆಯ್ತು. ವಿಜ್ಞಾನದವರನ್ನ ಬಿಡಬೇಡಿ. ಡೈರೀಲಿ ಬರೆದು ದಿನ ಕೇಳಿ, ಸಂಜೆ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಅಂದ್ರೆ ಯಾರೂ ಇಲ್ಲ ಅನ್ನಲ್ಲ. ಗಣಿತದಲ್ಲಿ ಅಂಕಿಯಾದ್ರೂ ಕೈ ಹಿಡಿಯುತ್ತೆ, ವಿಜ್ಞಾನದಲ್ಲಿ ಪೂರ್ತಿ ವಾಕ್ಯಾನೇ. ಎರಡೂ ಮೀಡಿಯಂ ಪುಸ್ತಕ ಪಕ್ಕಪಕ್ಕ ಇಟ್ಟು ಓದೋ ಅಭ್ಯಾಸ ಈ ವರ್ಷ ಪೂರ್ತಿ ಇರಲಿ. ಮಗನಿಗೆ ಮೀಟಿಂಗಲ್ಲಿ ಏನಾಯ್ತು ಅಂತ ಹೇಳಿದ್ರಾ?

ಆಲೂರಿನ ಸೊಸೆ

ಹೇಳಿದೆ. ಜೊತೇಲಿ ಕೂರಿಸೋ ಹುಡುಗ ಯಾರು ಅಂತ ಅದೊಂದೇ ಕೇಳಿದ್ದು.

ಸಾಲಗಾಮೆ ರೋಡು

ಸರಿ, ಸೋತೆ ಅಂತ ಬರೀಬೇಕಾ ಈಗ? ಡೈರೀಲಿ ಉತ್ತರಪತ್ರಿಕೆಗೆ ಬರೆದು ಕಳಿಸಿದ್ದೀನಿ. ನಮ್ಮದು ಮುಂದಿನ ವಾರ. ಫೀಸಿನ ಮಾತು ತೆಗೆದ್ರೆ ಮಾತ್ರ ಎದ್ದು ಬರ್ತೀನಿ.

ನಿವೃತ್ತ ಮೇಷ್ಟ್ರು, ಬೇಲೂರು

ತೆಗೆದರೆ "ಅದನ್ನು ಆಫೀಸಿನಲ್ಲಿ ಮಾತಾಡ್ತೀನಿ ಮೇಡಂ, ಈ ಐದು ನಿಮಿಷ ಮಗನದ್ದು" ಎಂದು ನಗುತ್ತಾ ಹೇಳಿ ಕೂತೇ ಇರಿ. ಪಾಪ, ಆ ಟೀಚರಿಗೂ ಮೇಲಿನವರು ಹೇಳಿಸಿರುತ್ತಾರೆ.

ತೋಟದ ಶಾಲೆ ಟೀಚರ್

ಈಗಷ್ಟೇ ಎಲ್ಲಾ ಓದಿದೆ. ನನ್ನದು ಉಲ್ಟಾ ಕಷ್ಟ. ಮೂಡಿಗೆರೆ ಕಡೆ ತೋಟಗಳ ನಡುವೆ ನಮ್ಮ ಸರ್ಕಾರಿ ಶಾಲೆ. ನಾನು ಕರೀತೀನಿ, ಪೋಷಕರೇ ಬರಲ್ಲ. ಬರದೇ ಇರೋದಕ್ಕೆ ಕಾರಣವೂ ಗೊತ್ತು: ಅರೇಬಿಕಾ ಹಣ್ಣು ಶುರುವಾಗ್ತಿದೆ, ಆಮೇಲೆ ರೊಬಸ್ಟಾ. ಅರ್ಧ ದಿನ ಬಂದ್ರೆ ಅರ್ಧ ಕೂಲಿ ಹೋಯ್ತು. ಕೆಲವರು ಉತ್ತರ ಕರ್ನಾಟಕದಿಂದ ಬಂದವರು, ಅಸ್ಸಾಮಿನವರೂ ಇದ್ದಾರೆ, ಅವರಿಗೆ ಕನ್ನಡವೇ ಬರಲ್ಲ. ಎಸ್‌ಡಿಎಂಸಿ (ಪೋಷಕರೇ ಇರೋ ಶಾಲಾ ಸಮಿತಿ) ಸದಸ್ಯರಲ್ಲೂ ಹಣ್ಣು ಕುಯ್ಲಿನ ತಿಂಗಳಲ್ಲಿ ಸಭೆಗೆ ಬರೋರು ಇಬ್ಬರೋ ಮೂವರೋ. ಇಂಥ ಕಡೆ ಮೀಟಿಂಗ್ ಯಾವಾಗ ಇಡೋದು, ಯಾರಾದ್ರೂ ಮಾಡಿ ನೋಡಿದ್ದೀರಾ?

ಕಳಸದ ಮಳೆ

ಶಾಲೆಗೆ ಬನ್ನಿ ಅನ್ನುವುದು ಬಿಟ್ಟು ನೀವೇ ಲೈನಿಗೆ (ತೋಟದ ಕೂಲಿಯವರ ಮನೆಸಾಲಿಗೆ) ಹೋಗಿ ಟೀಚರೇ. ಸಂಜೆ ಹಣ್ಣು ತೂಕ ಆಗುವಲ್ಲಿ ಎಲ್ಲರೂ ಇರ್ತಾರೆ. ತೋಟದ ಲೆಕ್ಕ ನೋಡುವ ರೈಟರಿಗೆ ಮೊದಲೇ ಹೇಳಿಟ್ರೆ ಅವರೇ ನಿಲ್ಲಿಸ್ತಾರೆ. ನಮ್ಮ ಪಕ್ಕದ ತೋಟದಲ್ಲಿ ಹಾಗೆ ಮಾಡಿದ್ರು. ಮಕ್ಕಳ ನೋಟ್‌ಬುಕ್ ತಗೊಂಡು ಹೋಗಿ ಅಲ್ಲೇ ತೋರಿಸಿದ್ರೆ ಓದು ಬಾರದವರಿಗೂ ಗೊತ್ತಾಗ್ತದೆ, ಯಾವ ಪುಟ ತುಂಬಿದೆ ಯಾವುದು ಖಾಲಿ ಅಂತ.

ತೋಟದ ಶಾಲೆ ಟೀಚರ್

ಅಸ್ಸಾಮಿನವರ ಹತ್ರ?

ಕಳಸದ ಮಳೆ

ಅವರ ಮಕ್ಕಳಿಗೆ ನಿಮ್ಮ ಕನ್ನಡ ಬಂದಿರ್ತದಲ್ಲ. ದೊಡ್ಡ ಮಗು ಒಂದು ಹೇಳ್ತದೆ. ತನ್ನದೇ ದೂರನ್ನ ತಾನೇ ಹೇಳುವ ಹಾಗೆ ಮಾಡಬೇಡಿ, ಬೇರೆ ಮನೆ ಮಗುವಿನ ಕೈಲಿ ಹೇಳಿಸಿ. ಇಲ್ಲದಿದ್ರೆ "ಟೀಚರ್ ನನ್ನ ತುಂಬಾ ಹೊಗಳ್ತಿದ್ದಾರೆ" ಅಂತ ಅನುವಾದ ಮಾಡಿಬಿಡ್ತದೆ!

ಹಾನುಬಾಳು ಹಾದಿ

ತೂಕ ಮುಗಿಯೋ ಹೊತ್ತಿಗೆ ಕತ್ತಲಾಗುತ್ತೆ ಟೀಚರ್, ನಿಮ್ಮ ಕಡೆ ಆನೆ ಓಡಾಟ ಇದ್ರೆ ಆ ಹೊತ್ತು ಬೇಡ. ನಮ್ಮಲ್ಲಿ ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೆಸೇಜ್ ಹಾಕ್ತಾರೆ, ಅದನ್ನ ನೋಡ್ಕೊಂಡೇ ಹೊರಡೋದು. ಮಧ್ಯಾಹ್ನ ಊಟಕ್ಕೆ ಬಿಡೋ ಹೊತ್ತಲ್ಲಿ ಹೋಗಿ, ತೋಟದಲ್ಲೇ ಕೂತು ಊಟ ಮಾಡ್ತಿರ್ತಾರೆ.

ತೋಟದ ಶಾಲೆ ಟೀಚರ್

ಮಧ್ಯಾಹ್ನ ಶಾಲೇಲಿ ಬಿಸಿಯೂಟ ಬಡಿಸೋ ಹೊತ್ತು, ಇರೋದು ಇಬ್ಬರೇ ಟೀಚರ್ಸ್. ಒಂದು ದಿನ ಇನ್ನೊಬ್ಬರಿಗೆ ಒಪ್ಪಿಸಿ ಹೋಗಬಹುದು. ರೈಟರ್ ನಂಬರ್ ಇದೆ, ನಾಳೆ ಕೇಳ್ತೀನಿ ತೋಟದ ಯಾವ ಪಟ್ಟೀಲಿ (ಭಾಗದಲ್ಲಿ) ಕುಯ್ಲು ನಡೀತಿದೆ ಅಂತ.